ದೀಪದ ಹೊತ್ತಿಗೆ ಬರುವ ಗಾಡಿ

ಗಾಡಿ ತಪ್ಪಬಹುದಿತ್ತು. ಸಿಕ್ಕಿದರೂ ಕೂರಲು ಜಾಗ ಇಲ್ಲದಿರಬಹುದಿತ್ತು. ಜಾಗ ಸಿಕ್ಕಿ, ಕಿಟಕಿಯ ಶಟರು ಧಡ್ಡನೆ ಬೆರಳ ಮೇಲೆ ಬೀಳಬಹುದಿತ್ತು. ಬಂಟ್ವಾಳ ದಾಟಿದ ಮೇಲೆ ನೇತ್ರಾವತಿಯ ಸೇತುವೆಯಲ್ಲಿ ಗಾಡಿ ಕೆಟ್ಟು ನಿಂತು, ಕೆಳಗಿನ ನೀರು ನೋಡಿ ಅವಳಿಗೆ ತಲೆ ತಿರುಗಬಹುದಿತ್ತು. ನಿದ್ದೆ ಬಂದು, ಇಳಿಯಬೇಕಾದ ಪುತ್ತೂರು ದಾಟಿ, ಘಟ್ಟದ ಬುಡದ ಕಾಡಿನಲ್ಲಿ ಎಚ್ಚರವಾಗಬಹುದಿತ್ತು. ಹೊಸ ಚಪ್ಪಲಿ ಕಚ್ಚಬಹುದಿತ್ತು. ಬುತ್ತಿ ಹಳಸಬಹುದಿತ್ತು. ಹೆಡ್‌ಮಾಸ್ಟರರು ಸಿಡುಕಿನವರಾಗಿರಬಹುದಿತ್ತು, ಮಕ್ಕಳು ಅವರಿಗಿಂತಲೂ ಮೇಲಿನವರಾಗಿರಬಹುದಿತ್ತು. ಎಲ್ಲ ಸರಿಯಾಗಿಯೇ ನಡೆದು, ಸಂಜೆ ಹಿಂತಿರುಗುವ ಗಾಡಿಯ ಮುಂದೆ ಯಾರದೋ ಎಮ್ಮೆ ಹಳಿಯ ಮೇಲೆ ಮಲಗಿ, ಗಾಡಿ ಅಲ್ಲೇ ನಿಂತು, ಇಲ್ಲಿ ನಮ್ಮ ಮನೆಯಲ್ಲಿ ಅಮ್ಮ ದೀಪ ಹೊತ್ತಿಸಿಬಿಡಬಹುದಿತ್ತು.

ಈ ಕೊನೆಯದು ಆಗಿದ್ದರೆ ಅಲ್ಲಿಗೆ ಮುಗಿಯಿತು. ಮರುದಿನದಿಂದ ನನ್ನ ಹೆಂಡತಿ ಕೆಲಸಕ್ಕೆ ಹೋಗುವ ಹಾಗಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಮಂಗಳೂರಿನಿಂದ ಹಾಸನಕ್ಕೆ ರೈಲು ಓಡಲು ಶುರುವಾಗಿ ಹೆಚ್ಚು ಕಾಲವಾಗಿರಲಿಲ್ಲ. ನಮ್ಮ ಮನೆ ಕುಲಶೇಖರದಲ್ಲಿ. ನಾನು ಒಂದು ಹೆಂಚಿನ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತ. ವಯಸ್ಸು ಮೂವತ್ತರ ಆಸುಪಾಸು, ಚಿಂತೆ ಮಾತ್ರ ಆಗಲೇ ಐವತ್ತು ದಾಟಿತ್ತು. ಈಗ ವಯಸ್ಸೂ ಬಂದು ಅದರ ಜೊತೆ ಸೇರಿಕೊಂಡಿದೆ, ಆದ್ದರಿಂದ ಯಾರೂ ಗಮನಿಸುವುದಿಲ್ಲ.

ಹೆಂಡತಿ ಮದುವೆಗೆ ಮುಂಚೆ ತನ್ನ ಊರಿನ ಶಾಲೆಯಲ್ಲಿ ಟೀಚರಾಗಿದ್ದವಳು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಆ ಕೆಲಸ ಹೋಯಿತು. ಅದರ ಬಗ್ಗೆ ಅವಳು ಒಂದು ಮಾತೂ ಆಡಿದವಳಲ್ಲ. ಆದರೆ ನಮ್ಮ ಮನೆಯ ಹಿಂದಿನ ಶಾಲೆಯಲ್ಲಿ ಬೆಳಗ್ಗಿನ ಬೆಲ್ಲು ಹೊಡೆದಾಗ, ತೆಂಗಿನಕಾಯಿ ಹೆರೆಯುತ್ತಿದ್ದ ಅವಳ ಕೈ ಒಂದು ಗಳಿಗೆ ನಿಲ್ಲುತ್ತಿತ್ತು. ನಾನು ಅದನ್ನು ಎಷ್ಟೋ ಸಲ ನೋಡಿದ್ದೆ. ಆ ವರ್ಷ ದಸರೆ ರಜೆ ಮುಗಿಯುವ ಹೊತ್ತಿಗೆ ಪುತ್ತೂರಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಸುದ್ದಿ ಬಂದ ದಿನ ಅವಳು ಬಾವಿಕಟ್ಟೆಗೆ ಹೋಗಿ, ಬೇಕಾದ್ದಕ್ಕಿಂತ ನಾಲ್ಕು ಕೊಡ ನೀರು ಹೆಚ್ಚು ಸೇದಿ ತಂದಳು.

ಪುತ್ತೂರಿಗೆ ಬಸ್ಸು ಬೇಕಾದಷ್ಟು ಇತ್ತು. ಆದರೆ ಬಸ್ಸು ಅವಳಿಗೆ ಆಗದು. ನಮ್ಮ ಕಡೆಯ ಡ್ರೈವರುಗಳು ತಿರುವು ಕಂಡರೆ ಖುಷಿಪಡುವ ಜನ. ಊರೊಳಗೆ ಓಡಾಡುವಾಗಲೇ, ನಂತೂರು ದಾಟುವ ಮೊದಲೇ, ಅವಳು ಸೆರಗನ್ನು ಬಾಯಿಗೆ ಒತ್ತಿ ಹಿಡಿಯುತ್ತಿದ್ದಳು. ರೈಲಾದರೆ ತೊಂದರೆ ಇರಲಿಲ್ಲ. ನಮ್ಮ ಮನೆಯಿಂದ ಗುಡ್ಡದ ಕಾಲುದಾರಿಯಲ್ಲಿ ಇಳಿದರೆ ಊರಿನ ಅಂಚಿನಲ್ಲಿ ಒಂದು ಸಣ್ಣ ಸ್ಟೇಶನ್ ಇತ್ತು. ಬೆಳಿಗ್ಗೆ ಅಲ್ಲಿ ಒಂದು ಪ್ಯಾಸೆಂಜರ್ ನಿಂತು ಪುತ್ತೂರಿನ ಕಡೆಗೆ ಹೋಗುತ್ತಿತ್ತು. ಅದೇ ಗಾಡಿ ಸಂಜೆ ತಿರುಗಿ ಬಂದು, ಅಲ್ಲಿ ನಿಂತು, ಹಂಪನಕಟ್ಟೆಯ ಬಳಿಯ ದೊಡ್ಡ ಸ್ಟೇಶನ್ನಿಗೆ ಹೋಗುತ್ತಿತ್ತು.

ಉಳಿದದ್ದು ಅಮ್ಮನ ಒಪ್ಪಿಗೆ. ಅಮ್ಮ ಮಾತಾಡಿದ್ದೆಲ್ಲ ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಅರ್ಧ ಖಾರ ದಾರಿಯಲ್ಲೇ ಚೆಲ್ಲಿದೆ, ಕ್ಷಮೆಯಿರಲಿ.

“ಕೆಲಸಕ್ಕೆ ಹೋಗ್ಲಿ. ಬೇಡ ಅಂತ ನಾನು ಹೇಳಿದ್ದಾ? ಆದ್ರೆ ನಾನು ದೀಪ ಹೊತ್ತಿಸುವಾಗ ಅವಳು ಮನೆ ಒಳಗೆ ಇರ್ಬೇಕು. ಒಂದು ದಿನ ತಪ್ಪಿದ್ರೂ ಮರುದಿನದಿಂದ ಮನೆಯಲ್ಲೇ.”

“ಗಾಡಿ ಸರಿಯಾಗಿ ಬಂದ್ರೆ ನಾನೂ ಸರಿಯಾಗಿ ಬರ್ತೇನೆ ಮಾಮಿ,” ಎಂದಳು ಹೆಂಡತಿ ಅತ್ತೆಗೆ. “ಗಾಡಿಯ ಜವಾಬ್ದಾರಿ ನನ್ನದಲ್ಲ.”

“ಹಾಗಾದ್ರೆ ಎಂತ, ನನ್ನದಾ?”

ದೀಪದ ವಿಷಯದಲ್ಲಿ ಅಮ್ಮನಿಗೆ ತನ್ನದೇ ಕಾನೂನು ಇತ್ತು. ಮುಸ್ಸಂಜೆಗೆ ಮನೆಯವರೆಲ್ಲ ಒಳಗೆ ಸೇರಬೇಕು. ಆಮೇಲೆ ತುಳಸಿಯ ಮುಂದೆ, ಒಳಗೆ ದೈವದ ಮಣೆಯ ಮುಂದೆ ಎಣ್ಣೆದೀಪ. ಅದು ಹೊತ್ತಿದ ಮೇಲೆಯೇ ಕರೆಂಟಿನ ಸ್ವಿಚ್ಚು. ಅದಕ್ಕೆ ಮೊದಲು ಬಲ್ಬು ಹಾಕಿದರೆ ಲಕ್ಷ್ಮಿ ಬಾಗಿಲಿನಿಂದಲೇ ತಿರುಗಿ ಹೋಗುತ್ತಾಳಂತೆ. ಅಪ್ಪ ತೀರಿಕೊಂಡದ್ದು ಅಂಥದೇ ಒಂದು ಹೊತ್ತಿನಲ್ಲಿ. ಸಂಜೆ ಪೇಟೆಗೆ ಹೋದವರು ನಡೆದು ಬರಲಿಲ್ಲ, ಹೊತ್ತು ತಂದರು. ಆಮೇಲಿಂದ ಕಾನೂನು ಇನ್ನಷ್ಟು ಬಿಗಿಯಾಯಿತು. ಅದು ಅವರ ಹೆದರಿಕೆ ಎಂದು ನಮಗಿಬ್ಬರಿಗೂ ಗೊತ್ತಿತ್ತು. ಆದ್ದರಿಂದ ಯಾರೂ ವಾದಿಸಲಿಲ್ಲ. ನನ್ನ ಹೆದರಿಕೆಗಳೂ ಅಲ್ಲಿಂದಲೇ ಬಂದ ಆಸ್ತಿ. ನಮ್ಮ ಕಡೆ ಆಸ್ತಿ ತಾಯಿಯ ಕಡೆಯಿಂದಲೇ ಬರುವುದು.

ಕೆಲಸಕ್ಕೆ ಸೇರುವ ಮುಂಚಿನ ವಾರ ನಾನು ದಿನಾ ಬೆಳಿಗ್ಗೆ ಸ್ಟೇಶನ್ನಿಗೆ ಹೋಗಿ ಪರಿಸ್ಥಿತಿ ಪರಿಶೀಲಿಸಿದೆ. ಸ್ಟೇಶನ್ ಎಂದರೆ ಒಂದು ಕೋಣೆ, ಒಂದು ಬೆಂಚು, ಹಳದಿ ಬೋರ್ಡು, ಹೊರಗೆ ಚಾ ಮತ್ತು ಗೋಳಿಬಜೆಯ ಒಂದು ಗೂಡಂಗಡಿ. ಪ್ಲಾಟ್‌ಫಾರಂ ಬಾಳೆಕಾಯಿಯ ಹಾಗೆ ಬಾಗಿತ್ತು, ಒಂದು ತುದಿಯಲ್ಲಿ ನಿಂತವನಿಗೆ ಇನ್ನೊಂದು ತುದಿ ಕಾಣುತ್ತಿರಲಿಲ್ಲ. ಊರಿನ ಕಡೆಯ ತುದಿಯಲ್ಲಿ ನೀರಿನ ಟ್ಯಾಂಕು, ಪುತ್ತೂರಿನ ಕಡೆಯ ತುದಿಯಲ್ಲಿ ಒಂದು ಗೇರುಮರ.

ದಿನಾ ಹೋಗುವವರು ಅಲ್ಲಿ ಗಾಡಿ ಬರುವ ಮೊದಲೇ ತಂತಮ್ಮ ಜಾಗದಲ್ಲಿ ನಿಂತಿರುತ್ತಿದ್ದರು. ಯಾರೂ ಗೆರೆ ಎಳೆದಿರಲಿಲ್ಲ. ಆದರೂ ಕೋರ್ಟಿನವರ ಜಾಗ ಬೇರೆ, ತರಕಾರಿಯವರ ಜಾಗ ಬೇರೆ. ಗಾಡಿ ನಿಂತಾಗ ಅವರವರ ಬಾಗಿಲು ಅವರವರ ಮೂಗಿನ ಮುಂದೆ ಬರುತ್ತಿತ್ತು. ನಾನು ಮೊದಲ ದಿನ ಗೊತ್ತಿಲ್ಲದೆ ಒಂದು ಕಡೆ ನಿಂತೆ.

“ಮಾರ್ರೆ, ಸ್ವಲ್ಪ ಆಚೆ,” ಎಂದರು ಕರಿಕೋಟಿನ ಒಬ್ಬರು. “ಅದು ನನ್ನ ಜಾಗ.”

“ನಾನು ಗಾಡಿ ಹತ್ತುದಿಲ್ಲ. ನೋಡ್ಲಿಕ್ಕೆ ಬಂದದ್ದು.”

“ಗಾಡಿಯನ್ನಾ?” ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನೋಡಿ, ನೋಡಿ. ಆಚೆಯಿಂದಲೂ ಕಾಣ್ತದೆ.”

ಹೆಂಗಸರ ಡಬ್ಬಿ ಟ್ಯಾಂಕಿನ ಎದುರು ಬಂದು ನಿಲ್ಲುತ್ತಿತ್ತು. ಅದು ಗಾಡಿಯ ಕೊನೆಯ ಡಬ್ಬಿ. ಟ್ಯಾಂಕಿನ ಬಳಿ ದಿನಾ ನಿಲ್ಲುತ್ತಿದ್ದವರಲ್ಲಿ ಕುಲಶೇಖರದವರೇ ಆದ ಒಬ್ಬರು ಬಾಯಿ ಇದ್ದರು. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಹಾಗೆಯೇ ಕರೆಯುವುದು. ಇವರು ಪುತ್ತೂರಿನ ಒಂದು ಆಸ್ಪತ್ರೆಯಲ್ಲಿ ನರ್ಸು. ನಾನು ಪರಿಚಯ ಹೇಳಿಕೊಂಡು, ಹೆಂಡತಿಯನ್ನು ಸ್ವಲ್ಪ ನೋಡಿಕೊಳ್ಳಬೇಕೆಂದು ಕೇಳಿಕೊಂಡೆ.

“ಎಂತ, ಅವರಿಗೆ ಹುಷಾರಿಲ್ವಾ?”

“ಹಾಗೆಂತ ಇಲ್ಲ.”

“ಮತ್ತೆ? ಟೀಚರ್ ಅಲ್ವಾ? ನಲ್ವತ್ತು ಮಕ್ಕಳನ್ನು ನೋಡ್ಲಿಕ್ಕೆ ಹೋಗುವವರನ್ನು ನಾನು ನೋಡುದಾ?” ಎಂದು ನಕ್ಕು, “ಆಯ್ತು, ನೀವು ಮನೆಯಲ್ಲಿ ನಿದ್ದೆ ಮಾಡಿ,” ಎಂದರು. ನನಗೆ ನಿದ್ದೆ ಬಾರದ ವಿಷಯ ಅವರಿಗೆ ಯಾರು ಹೇಳಿದರೋ.

ಕೆಲಸಕ್ಕೆ ಸೇರುವ ದಿನ ಬಂತು. ಗಾಡಿ ಬಂತು, ಟ್ಯಾಂಕಿನ ಎದುರು ಹೆಂಗಸರ ಡಬ್ಬಿ ನಿಂತಿತು, ಬಾಯಿ ಮೊದಲೇ ಹತ್ತಿ ಕಿಟಕಿಯ ಬಳಿ ಜಾಗ ಹಿಡಿದು ಕರೆದರು. ನಾನು ಪ್ಲಾಟ್‌ಫಾರಂನಲ್ಲಿ ನಿಂತು ಶಟರಿನ ಕೊಂಡಿ ಪರೀಕ್ಷಿಸುತ್ತಿದ್ದೆ.

“ಸಂಜೆ ನಾನು ಇಲ್ಲಿ ಇರ್ತೇನೆ,” ಎಂದೆ.

“ಬೇಡ.”

“ಯಾಕೆ ಬೇಡ? ಮೊದಲ ದಿನ ಅಲ್ವಾ?”

ಅವಳು ಕಿಟಕಿಯ ಸರಳಿನ ಹತ್ತಿರ ಮುಖ ತಂದು ಮೆಲ್ಲಗೆ ಹೇಳಿದಳು: “ನೀವು ಬಂದು ಕರ್ಕೊಂಡು ಹೋದ್ರೆ ಅದು ನೀವು ಕರ್ಕೊಂಡು ಹೋದದ್ದು ಆಗ್ತದೆ. ಇವತ್ತು ನಾನೇ ಬರ್ಬೇಕು. ಮಾಮಿ ನೋಡ್ಬೇಕು, ನಾನೇ ಬಂದದ್ದು. ಬರ್ಬೇಡಿ ಆಯ್ತಾ?”

“ಆಯ್ತು,” ಎಂದೆ. ಗಾಡಿ ಹೊರಟಿತು. ‘ಆಯ್ತು’ ಎಂದದ್ದು ಗಾಡಿ ತಿರುವು ದಾಟುವ ತನಕ ನಿಜವೇ ಆಗಿತ್ತು.

ಮಧ್ಯಾಹ್ನ ನಾನು ಆಫೀಸಿನಲ್ಲಿ ಅರ್ಧ ದಿನದ ರಜೆ ಕೇಳಿದೆ. ಮನೆಯಲ್ಲಿ ಸ್ವಲ್ಪ ತೊಂದರೆ ಎಂದೆ.

“ಎಂತ ತೊಂದರೆ?” ಎಂದರು ಮ್ಯಾನೇಜರು.

“ಇನ್ನೂ ಆಗ್ಲಿಲ್ಲ ಸರ್.”

ಅವರು ನನ್ನನ್ನು ಬಹಳ ಕಾಲದಿಂದ ಬಲ್ಲವರು. ಹೆಚ್ಚು ಕೇಳದೆ ಬಿಟ್ಟರು.

ನನ್ನ ಉಪಾಯ ಸರಳವಾಗಿತ್ತು. ಅವಳಿಗೆ ಕಾಣದ ಹಾಗೆ ಮರೆಯಲ್ಲಿ ನಿಂತು, ಅವಳು ಇಳಿದದ್ದನ್ನು ನೋಡಿ, ಹಿಂದೆಯೇ ಸಾಕಷ್ಟು ದೂರ ಬಿಟ್ಟು ನಡೆದು ಮನೆ ಸೇರುವುದು. ಹೇಗೂ ಅದು ನಾನು ಆಫೀಸಿನಿಂದ ಬರುವ ಹೊತ್ತೇ. ಅವಳೇ ಬಂದ ಹಾಗೂ ಆಯಿತು, ನನ್ನ ಎದೆ ಜಾಗದಲ್ಲಿ ಇದ್ದ ಹಾಗೂ ಆಯಿತು.

ಎಲ್ಲಿ ನಿಲ್ಲುವುದು ಎಂಬುದೇ ಪ್ರಶ್ನೆ. ಇನ್ನೊಬ್ಬರಾದರೆ ಏನೂ ಯೋಚಿಸದೆ ಬೆಳಗ್ಗಿನ ಟ್ಯಾಂಕಿನ ಹಿಂದೆಯೇ ನಿಲ್ಲುತ್ತಿದ್ದರು. ನಾನು ಹಾಗೆ ಹಗುರಾಗಿ ಕೆಲಸ ಮಾಡುವವನಲ್ಲ. ಬೆಂಚಿನ ಮೇಲೆ ಕುಳಿತು ಲೆಕ್ಕ ಹಾಕಿದೆ. ಬೆಳಿಗ್ಗೆ ಹೆಂಗಸರ ಡಬ್ಬಿ ಗಾಡಿಯ ಕೊನೆಯಲ್ಲಿತ್ತು. ಬೆಳಿಗ್ಗೆ ಗಾಡಿಯ ಮುಖ ಪುತ್ತೂರಿನ ಕಡೆಗೆ, ಆದ್ದರಿಂದ ಕೊನೆ ಎಂದರೆ ಟ್ಯಾಂಕಿನ ಕಡೆ. ಸಂಜೆ ಗಾಡಿಯ ಮುಖ ಊರಿನ ಕಡೆಗೆ. ಹಾಗಾದರೆ ಕೊನೆ ಎಂದರೆ ಗೇರುಮರದ ಕಡೆ! ಎಷ್ಟು ಜನ ಈ ಸೂಕ್ಷ್ಮವನ್ನು ಗಮನಿಸುತ್ತಾರೆ? ನನಗೆ ನನ್ನ ಮೇಲೆ ಸ್ವಲ್ಪ ಅಭಿಮಾನವೇ ಹುಟ್ಟಿತು. ಗೇರುಮರದ ಹಿಂದೆ ಹೋಗಿ ನಿಂತೆ. ಕೆಂಜಿರುವೆ ಇತ್ತು. ಸಹಿಸಿದೆ.

ಗಾಡಿ ಹೊತ್ತಿಗೆ ಸರಿಯಾಗಿ ಬಂತು. ಎಮ್ಮೆ ಯಾವುದೂ ಮಲಗಿರಲಿಲ್ಲ. ಒಂದೊಂದೇ ಡಬ್ಬಿ ನನ್ನನ್ನು ದಾಟಿ ಮುಂದೆ ಹೋಗಿ, ಕೊನೆಯದು ಮರದ ಎದುರು ನಿಂತಿತು. ಅದರಿಂದ ಬುಟ್ಟಿ ಹೊತ್ತ ಇಬ್ಬರು ಗಂಡಸರು ಇಳಿದರು, ಬುಟ್ಟಿಯೊಳಗೆ ಕೋಳಿಗಳು. ಮತ್ತೆ ಒಬ್ಬ ಮುದುಕ. ಮತ್ತೆ ಯಾರೂ ಇಲ್ಲ. ನಾನು ಮರದ ಮರೆ ಬಿಟ್ಟು ಒಳಗೆ ಇಣುಕಿದೆ. ಮೀಸೆಗಳೇ ಮೀಸೆಗಳು. ಹೆಂಗಸರ ಡಬ್ಬಿ ಇರಬೇಕಾದಲ್ಲಿ ಇರಲಿಲ್ಲ. ಅಷ್ಟರಲ್ಲಿ ಶಿಳ್ಳೆ ಹೊಡೆದು ಗಾಡಿ ಹೊರಟೇಬಿಟ್ಟಿತು. ನಾನು ಪ್ಲಾಟ್‌ಫಾರಂ ಉದ್ದಕ್ಕೂ ಓಡಿ, ತಿರುವು ದಾಟಿ, ಟ್ಯಾಂಕಿನ ತನಕ ಹೋದೆ. ಅಲ್ಲಿ ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಜನ ಇರಲಿಲ್ಲ. ಸ್ಟೇಶನ್ ಮಾಸ್ಟರರು ಹಸಿರು ಬಾವುಟ ಸುತ್ತುತ್ತಾ ಕೋಣೆಗೆ ಹೋಗುತ್ತಿದ್ದರು.

“ಸರ್, ಹೆಂಗಸರು ಯಾರೂ ಇಳಿಲಿಲ್ವಾ?”

“ಇಳಿದ್ರಲ್ಲ. ಸುಮಾರು ಜನ.”

“ಹಸಿರು ಸೀರೆಯವರು ಒಬ್ರು? ಕೈಯಲ್ಲಿ ಬುತ್ತಿಯ ಚೀಲ?”

“ಇವರೇ, ನಾನು ಹಸಿರು ಬಾವುಟ ನೋಡುದು. ಹಸಿರು ಸೀರೆ ನೋಡುದು ನನ್ನ ಡ್ಯೂಟಿ ಅಲ್ಲ.”

ಆಗ ನಾನು ಗುಡ್ಡದ ಕಾಲುದಾರಿ ಹಿಡಿದು ಮನೆಗೆ ಹೋಗಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಇಳಿದ ಸುಮಾರು ಜನರಲ್ಲಿ ಅವಳು ಇದ್ದಳೆಂಬುದಕ್ಕೆ ಏನು ಗ್ಯಾರಂಟಿ? ಮೊದಲ ದಿನ, ದಣಿದಿರುತ್ತಾಳೆ, ಕಿಟಕಿಯ ಗಾಳಿ. ಬಾಯಿಗೆ ಅವತ್ತು ರಾತ್ರಿಪಾಳಿ ಬಿದ್ದಿದ್ದರೆ ಎಬ್ಬಿಸುವವರು ಯಾರು? ಅವಳು ನಿದ್ದೆಯಲ್ಲೇ ದೊಡ್ಡ ಸ್ಟೇಶನ್ನಿಗೆ ಹೋಗಿದ್ದಾಳೆ. ಅಲ್ಲಿಂದ ಮನೆಗೆ ಬಸ್ಸೇ ಗತಿ. ಬಸ್ಸು ಎಂದರೆ ವಾಂತಿ. ದೀಪದ ಹೊತ್ತು ತಪ್ಪುತ್ತದೆ. ಬಾವಿಕಟ್ಟೆಯ ಆ ನಾಲ್ಕು ಕೊಡ ನೀರು ನೆನಪಾಯಿತು. ರಿಕ್ಷಾ ಹತ್ತಿ, “ದೊಡ್ಡ ಸ್ಟೇಶನ್, ಬೇಗ,” ಎಂದೆ.

ದೊಡ್ಡ ಸ್ಟೇಶನ್ನಿನಲ್ಲಿ ಗಾಡಿ ಖಾಲಿಯಾಗಿ ನಿಂತಿತ್ತು. ಹೆಂಗಸರ ಡಬ್ಬಿಯನ್ನು ಹುಡುಕುತ್ತಾ ಹೋದರೆ ಅದು ಸಿಕ್ಕಿದ್ದು ಎಂಜಿನ್ನಿನ ಬೆನ್ನಿಗೆ, ಎಲ್ಲಕ್ಕಿಂತ ಮುಂದೆ. ಇದು ಹೇಗೆ ಮುಂದೆ ಬಂತು ಎಂದು ಯೋಚಿಸುವಷ್ಟು ಸಮಾಧಾನ ಆಗ ಇರಲಿಲ್ಲ. ಹತ್ತಿದೆ. ಬೆಂಚುಗಳ ಕೆಳಗೂ ಬಗ್ಗಿ ನೋಡಿದೆ. ನಿದ್ದೆ ಬಂದವಳು ಬೆಂಚಿನ ಕೆಳಗೆ ಯಾಕೆ ಇರುತ್ತಾಳೆ ಎಂದು ಈಗ ಕೇಳಬೇಡಿ.

“ಓಯ್! ಎಂತ ಹುಡುಕುದು ಅಲ್ಲಿ?” ಗುಡಿಸಲು ಬಂದ ಹೆಂಗಸು ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. “ಅದು ಹೆಂಗಸರ ಡಬ್ಬಿ, ಗೊತ್ತುಂಟಾ?”

“ಗೊತ್ತುಂಟು. ಹೆಂಡತಿಯನ್ನು ಹುಡುಕುದು.”

“ಬೆಂಚಿನ ಅಡಿಯಲ್ಲಾ? ಎಂತ ಹೆಂಡತಿ ಮಾರಾಯ್ರೆ ನಿಮ್ಮದು? ಇಳೀರಿ, ಇಳೀರಿ.”

ಇಳಿದೆ. ಹೊರಗೆ ಬೆಳಕು ಇಳಿಯುತ್ತಿತ್ತು. ರಿಕ್ಷಾಗಳು ಒಂದೂ ನಿಲ್ಲಲಿಲ್ಲ. ಸಿಟಿ ಬಸ್ಸು ಹತ್ತಿದೆ. ನಂತೂರಿನಲ್ಲಿ ಬಂದರಿಗೆ ಹೋಗುವ ಲಾರಿಗಳ ಸಾಲು ಒಂದಕ್ಕೊಂದು ಅಂಟಿಕೊಂಡು ನಿಂತಿತ್ತು, ಬಸ್ಸು ಅದರ ಹಿಂದೆ ಸುಮ್ಮನೆ ನಡುಗುತ್ತಾ ನಿಂತಿತು. ಕಂಡಕ್ಟರು ಫುಟ್‌ಬೋರ್ಡಿನಿಂದ ಇಳಿದು ಲಾರಿಯವನೊಂದಿಗೆ ಸಾವಧಾನವಾಗಿ ಜಗಳಾಡಿ ಬಂದ. ಸುತ್ತಲಿನ ಅಂಗಡಿಗಳಲ್ಲಿ ಒಂದೊಂದಾಗಿ ದೀಪ ಹತ್ತಿತು. ಪ್ರತಿಯೊಂದು ಬಲ್ಬೂ ನನಗೆ ಅಮ್ಮನ ಮಾತಿನ ಹಾಗೆ ಕಂಡಿತು.

ಕುಲಶೇಖರದಲ್ಲಿ ಇಳಿದು ಓಣಿ ಹಿಡಿದಾಗ ಎಲ್ಲ ಮನೆಗಳಲ್ಲೂ ಬೆಳಕಿತ್ತು. ನಮ್ಮ ಮನೆಯಲ್ಲಿ ಮಾತ್ರ ಇರಲಿಲ್ಲ. ತುಳಸಿಕಟ್ಟೆ ಕತ್ತಲು, ಜಗಲಿ ಕತ್ತಲು. ಈಗ ಬರೆಯುವಾಗ ನಗು ಬರುತ್ತದೆ, ಆಗ ಮಾತ್ರ ಅಂಗಳದ ತನಕ ಓಡಿದೆ. ನಮ್ಮಲ್ಲಿ ಮುಸ್ಸಂಜೆ ಕಳೆದೂ ದೀಪ ಇಲ್ಲದ ಮನೆ ಎಂದರೆ ಒಂದೇ ಅರ್ಥ. ಅದನ್ನು ನಾನು ಒಮ್ಮೆ, ಅಪ್ಪನನ್ನು ಹೊತ್ತು ತಂದ ದಿನ, ನೋಡಿದ್ದೆ.

“ಯಾರದು?” ಜಗಲಿಯಿಂದ ಅಮ್ಮನ ದನಿ.

“ನಾನು.”

“ಬಂದಾ? ಎಲ್ಲಿ ಸತ್ತಿದ್ದಿ ಇಷ್ಟು ಹೊತ್ತು?”

“ಅವಳು?” ಎಂದೆ.

“ಅವಳಿಗೆ ಎಂತ ಆಗ್ಬೇಕು? ಬಿಸಿಲು ಇರುವಾಗಲೇ ಬಂದಿದ್ದಾಳೆ. ನಿನ್ನನ್ನು ಕಾದು ಕಾದು ನಾನು ಬೆಂಕಿಪೆಟ್ಟಿಗೆ ಹಿಡ್ಕೊಂಡು ಕೂತದ್ದು.”

ಕತ್ತಲಲ್ಲಿ ಅಮ್ಮನ ಪಕ್ಕದಲ್ಲೇ ಹೆಂಡತಿ ಕುಳಿತಿದ್ದಳು. ಅವಳ ಬಳೆಯ ಸದ್ದು ಕೇಳಿದ ಮೇಲೆ ನಾನು ಮೆಟ್ಟಿಲಿನ ಮೇಲೆ ಕುಳಿತೆ. ಅಮ್ಮನ ದನಿಯಲ್ಲಿ ಬೈಗುಳ ಇದ್ದರೂ ಕೈ ಕತ್ತಲಲ್ಲಿ ತಡಕಿ ನನ್ನ ತಲೆ ಮುಟ್ಟಿತು, ಒಮ್ಮೆ, ಇದ್ದೇನೆಯೇ ಎಂದು ನೋಡುವ ಹಾಗೆ.

ದೀಪ ಹೊತ್ತಿತು. ಆಮೇಲೆ ಬಲ್ಬು. ಬೆಳಕಿನಲ್ಲಿ ನನ್ನ ಅಂಗಿ, ಬೆಂಚಿನಡಿಯ ಧೂಳು, ಕೆಂಜಿರುವೆ ಕಚ್ಚಿದ ಕುತ್ತಿಗೆ ಎಲ್ಲ ಕಂಡವು. ಹೇಳದೆ ವಿಧಿ ಇರಲಿಲ್ಲ. ಗೇರುಮರದ ಲೆಕ್ಕಾಚಾರವನ್ನೂ ಹೇಳಿದೆ.

ಹೆಂಡತಿ ಬಹಳ ಹೊತ್ತು ನಗು ತಡೆದುಕೊಂಡಿದ್ದಳು. “ಡಬ್ಬಿ ಎಲ್ಲಿ ತಿರುಗ್ತದೆ? ಆಚೆ ಕೊನೆಯ ಸ್ಟೇಶನ್ನಿನಲ್ಲಿ ಎಂಜಿನನ್ನು ಮಾತ್ರ ಬಿಚ್ಚಿ ಈಚೆ ತುದಿಗೆ ತಂದು ಕಟ್ಟುದು. ನಾನು ಹತ್ತಿದ ಜಾಗದಲ್ಲೇ ಇಳಿದೆ. ಅದೇ ಟ್ಯಾಂಕಿನ ಹತ್ತಿರ. ಬಾಯಿಯೂ ಇದ್ರು. ಇಬ್ರೂ ಕಾಲುದಾರಿಯಲ್ಲಿ ಮಾತಾಡ್ತಾ ಬಂದೆವು.”

“ಅದು ಎಂತ ಎತ್ತಿನಗಾಡಿಯಾ, ಇಡೀ ತಿರುಗಿಸ್ಲಿಕ್ಕೆ?” ಎಂದರು ಅಮ್ಮ. ರೈಲನ್ನು ಅವರು ಒಮ್ಮೆಯೂ ಹತ್ತಿದವರಲ್ಲ.

“ಬರ್ಬೇಡಿ ಅಂತ ಹೇಳಿದ್ದಲ್ವಾ ನಾನು?” ಹೆಂಡತಿ ಕೇಳಿದಳು.

“ನಾನು ಬಂದದ್ದು ನಿನಗೆ ಕಾಣ್ಲಿಲ್ಲವಲ್ಲ,” ಎಂದೆ. ಆ ಮಟ್ಟಿಗೆ ಉಪಾಯ ಸಫಲವಾಗಿತ್ತು.

ಅಮ್ಮ ಸೊಸೆಯ ಕಡೆ ತಿರುಗಿದರು. “ನೋಡು ಮಾರಾಯ್ತಿ. ನೀನು ನಾಳೆಯೂ ಹೋಗು, ನಾಡಿದ್ದೂ ಹೋಗು. ಗಾಡಿ ಒಂದು ದಿನ ತಡ ಆದ್ರೂ ಬಾಯಿ ಜೊತೆಗೆ ಇದ್ದಾರಲ್ಲ, ಬರ್ತೀ. ಇನ್ನು ದೀಪದ ಹೊತ್ತಿಗೆ ಮನೆಯಲ್ಲಿ ಇರ್ಬೇಕಾದದ್ದು ಇವನು.”

ಅವಳು ಅಲ್ಲಿ ಹನ್ನೊಂದು ವರ್ಷ ಪಾಠ ಮಾಡಿದಳು, ಆಮೇಲೆ ಮಂಗಳೂರಿಗೇ ವರ್ಗವಾಯಿತು. ಗಾಡಿ ತಡವಾದ ದಿನಗಳು ಬಂದವು, ಮಳೆಗಾಲದಲ್ಲಿ ಗಾಡಿಯೇ ಬಾರದ ದಿನಗಳೂ ಬಂದವು. ಅಮ್ಮ ಅಂಥ ದಿನ ಬೆಂಕಿಪೆಟ್ಟಿಗೆ ಮಡಿಲಲ್ಲಿ ಇಟ್ಟುಕೊಂಡು ಜಗಲಿಯಲ್ಲಿ ಕಾಯುತ್ತಿದ್ದರು. ನಾನು ಅವರ ಪಕ್ಕದಲ್ಲಿ, ಕಾಯಿದೆಯ ಪ್ರಕಾರ.

ಇರಲಿ. ಆ ಮೊದಲ ದಿನ ತಪ್ಪಿದ್ದು ಏನು ಎಂದರೆ: ಗಾಡಿ ತಪ್ಪಲಿಲ್ಲ, ಶಟರು ಬೀಳಲಿಲ್ಲ, ಚಪ್ಪಲಿ ಕಚ್ಚಲಿಲ್ಲ, ಬುತ್ತಿ ಹಳಸಲಿಲ್ಲ, ಹೆಡ್‌ಮಾಸ್ಟರರು ಚಾ ಕೊಟ್ಟರಂತೆ. ಆದರೆ ನಾನು ಬರುವ ತನಕ ಬಲ್ಬು ಹಾಕುವಂತಿರಲಿಲ್ಲವಾದ್ದರಿಂದ, ಬಂಗುಡೆ ಸಾರು ಕತ್ತಲ ಅಡುಗೆಮನೆಯಲ್ಲಿ, ಒಲೆಯ ಕೆಂಡದ ಬೆಳಕಿನಲ್ಲೇ ಕುದಿದಿತ್ತು. ಅಮ್ಮ ಒಮ್ಮೆ ಹೋಗಿ ಉಪ್ಪು ಹಾಕಿದ್ದರು. ಅತ್ತೆ ಹಾಕಿದ್ದು ಕಾಣದೆ ಸೊಸೆಯೂ ಹೋಗಿ ಹಾಕಿದ್ದಳು.